ಆಯುಧಪೂಜೆಯ ಚೆಂಡುಹೂವು, ನುಸಿ ತಿಂದ ಸ್ವೆಟರು, ಓದುತ್ತ ಹೆಣೆಯುವ ಶಾಲು

ಹಬ್ಬ ಮುಗಿದ ಮರುದಿನ ಕಸದ ಗಾಡಿಯ ತುಂಬ ಚೆಂಡುಹೂವು. ಬಾಗಿಲ ತೋರಣ, ಸ್ಕೂಟರಿನ ಹಾರ, ಹೊಲಿಗೆ ಯಂತ್ರಕ್ಕೆ ಏರಿಸಿದ ಮಾಲೆ, ಎಲ್ಲ ಒಟ್ಟಿಗೆ. ಅದರಲ್ಲಿ ಒಂದು ಮೊರದಷ್ಟು ಎತ್ತಿಟ್ಟುಕೊಂಡರೆ ಕಾಲು ಕೆ.ಜಿ. ಉಣ್ಣೆಗೆ ಗಟ್ಟಿ ಹಳದಿ ಬಣ್ಣ ಕಟ್ಟಬಹುದು. ಆಶ್ವಯುಜದ ಈ ದಿನಗಳು ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತವೆ: ಹಗಲು ಲಡಿ ಒಣಗುವಷ್ಟು ಬಿಸಿಲು, ಸಂಜೆಗೆ ಚಿತ್ತೆ ಮಳೆ, ರಾತ್ರಿ ಪುಸ್ತಕ ಹಿಡಿದು ಕೂತರೆ ಹೆಗಲಿಗೆ ಏನಾದರೂ ಬೇಕು ಎನಿಸುವಷ್ಟೇ ತಂಪು.

ನುಸಿ ತಿಂದ ಒಂದು ಕೆನೆಬಣ್ಣದ ಉಣ್ಣೆ ಸ್ವೆಟರನ್ನು ಬಿಚ್ಚಿ, ನೂಲಿಗೆ ಚೆಂಡುಹೂವಿನ ಬಣ್ಣ ಕಟ್ಟಿ, ಅದರಿಂದ ತ್ರಿಕೋನದ ಶಾಲು ಹೆಣೆದ ಲೆಕ್ಕ ಇದು. ಈ ಮಾದರಿಯನ್ನೇ ಆರಿಸಿದ್ದಕ್ಕೆ ಕಾರಣ ಒಂದೇ. ಇದು ಕಣ್ಣು ಕೇಳುವುದಿಲ್ಲ. ಕಣ್ಣು ಪುಸ್ತಕಕ್ಕೆ, ಮೂಗು ಒಲೆಗೆ, ಬೆರಳು ಕಡ್ಡಿಗೆ.

ಬಿಚ್ಚುವ ಮುಂಚೆ ಎರಡು ಪರೀಕ್ಷೆ

ಮೊದಲನೆಯದು ಬೆಂಕಿಯದು. ಒಳಗಿನ ಹೊಲಿಗೆಯ ಹತ್ತಿರದಿಂದ ಎರಡು ಇಂಚು ಎಳೆ ಕತ್ತರಿಸಿ, ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದೊಡನೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಕರಗಿ, ತೊಟ್ಟಿಕ್ಕಿ, ಆರಿದ ಮೇಲೆ ಗಟ್ಟಿ ಕರಿ ಮಣಿಯಾದರೆ ಅದು ಅಕ್ರಿಲಿಕ್. ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಮಾರುವುದರಲ್ಲಿ ಬಹುಪಾಲು ಇದೇ. ಕ್ಯಾಶ್ಮಿಲಾನ್ ಎಂದರೂ ಇದೇ. ಚೆಂಡುಹೂವಿನ ಬಣ್ಣ ಅಕ್ರಿಲಿಕ್ಕಿಗೆ ಹತ್ತುವುದಿಲ್ಲ, ಎಷ್ಟು ಕುದಿಸಿದರೂ ನೀರಿನ ಜೊತೆ ಹರಿದುಹೋಗುತ್ತದೆ. ಅಂಥ ಸ್ವೆಟರನ್ನು ಬಿಚ್ಚಿ ಇದ್ದ ಬಣ್ಣದಲ್ಲೇ ಹೆಣೆದುಕೊಳ್ಳಬಹುದು, ತೊಂದರೆಯಿಲ್ಲ. ಬಣ್ಣದ ಪಾತ್ರೆ ಮಾತ್ರ ಒಲೆಗೆ ಏರಿಸಬೇಡಿ. ಇನ್ನು ಕಂಬಳಿಯ ಕುರಿ ಉಣ್ಣೆ: ಬಣ್ಣ ಅದಕ್ಕೆ ಹತ್ತುತ್ತದೆ, ಆದರೆ ಕರಿ ಉಣ್ಣೆಯ ಮೇಲೆ ಕಾಣುವುದಿಲ್ಲ, ಕತ್ತಿನ ಹತ್ತಿರ ಚುಚ್ಚುತ್ತದೆ ಕೂಡ.

ಎರಡನೆಯದು ಹೊಲಿಗೆಯದು. ಸ್ವೆಟರನ್ನು ಒಳಮಗ್ಗುಲಾಗಿ ತಿರುಗಿಸಿ ಪಕ್ಕದ ಜೋಡಣೆ ನೋಡಿ. ಎರಡೂ ಅಂಚುಗಳು ಇಡಿಯಾಗಿದ್ದು, ನಡುವೆ ಸರಪಳಿಯಂಥ ಹೊಲಿಗೆ ಓಡಿದ್ದರೆ ಒಳ್ಳೆಯದು. ಅಂಚನ್ನು ಕತ್ತರಿಸಿ ಮೇಲೆ ಓವರ್‌ಲಾಕ್ ಹೊಡೆದಿದ್ದರೆ ಆ ಸ್ವೆಟರು ಬೇಡ. ಅದರ ಪ್ರತಿ ಸಾಲೂ ಅಂಚಿನಲ್ಲಿ ತುಂಡಾಗಿರುತ್ತದೆ. ಬಿಚ್ಚಿದರೆ ಸಿಗುವುದು ಮೊಳದುದ್ದದ ನೂರಾರು ತುಂಡು, ದಿಂಬಿಗೆ ತುಂಬಲಷ್ಟೇ ಲಾಯಕ್ಕು.

ನುಸಿ ತಿಂದದ್ದಾದ್ದರಿಂದ ಇನ್ನೊಂದು ಕೆಲಸವೂ ಇತ್ತು. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ. ಹಬ್ಬಕ್ಕೆ ಮೊದಲೇ ಇದನ್ನು ಶುರುಮಾಡಿದರೆ ಹೂವು ಸಿಗುವ ಹೊತ್ತಿಗೆ ಸ್ವೆಟರು ತಯಾರು. ತಿನ್ನುವುದು ಹಾರುವ ನುಸಿಯಲ್ಲ, ಅದರ ಮರಿಹುಳು; ಮೊಟ್ಟೆ ಹೊಲಿಗೆಯ ಸಂದಿಯಲ್ಲಿ ಕೂತಿರುತ್ತದೆ. ನುಸಿಗುಳಿಗೆ ಹಾಕಿಟ್ಟರೆ ಆ ವಾಸನೆ ಬಿಸಿನೀರಿಗೂ ಬಿಡುವುದಿಲ್ಲ, ಬಣ್ಣ ಕಟ್ಟುವ ದಿನ ಮನೆಯೆಲ್ಲ ಅದೇ.

ಬಿಚ್ಚಿ, ಲಡಿ ಮಾಡಿ

ಸ್ವೆಟರಿನ ತೂಕ 365 ಗ್ರಾಂ. ಗುಂಡಿ, ಕುತ್ತಿಗೆ ಪಟ್ಟಿ, ಹೊಲಿಗೆದಾರ, ನುಸಿ ಕಡಿದು ಪುಡಿಯಾದ ಭಾಗ ಎಲ್ಲ ಕಳೆದು ಕೈಗೆ ಬಂದ ನೂಲು 272 ಗ್ರಾಂ. ಕಾಲು ಭಾಗ ಹೋಯಿತು. ನುಸಿ ಇಲ್ಲದ ಸ್ವೆಟರಿನಲ್ಲಿ ಇಷ್ಟು ಹೋಗುವುದಿಲ್ಲ.

ಕ್ರಮ ಹೀಗೆ: ಮೊದಲು ಕುತ್ತಿಗೆ ಪಟ್ಟಿ ಬಿಡಿಸಿ, ಆಮೇಲೆ ತೋಳು ಬೇರೆ ಮಾಡಿ, ಕೊನೆಗೆ ಪಕ್ಕದ ಹೊಲಿಗೆ. ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಸರಪಳಿಯ ಒಂದು ಕೊಂಡಿ ಕತ್ತರಿಸಿ, ಸರಿಯಾದ ತುದಿ ಸಿಕ್ಕರೆ ಇಡೀ ಹೊಲಿಗೆ ಒಂದೇ ಎಳೆತಕ್ಕೆ ಝರ್ರನೆ ಬರುತ್ತದೆ. ಬರದೆ ಬಿಗಿದುಕೊಂಡರೆ ಎಳೆಯಬೇಡಿ, ಇನ್ನೊಂದು ತುದಿಯಿಂದ ನೋಡಿ. ಸ್ವೆಟರನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಹೆಣೆದಿರುತ್ತಾರೆ, ಹಾಗಾಗಿ ಬಿಚ್ಚುವುದು ಹೆಗಲಿನಿಂದ ಕೆಳಕ್ಕೆ. ಸೊಂಟದ ಪಟ್ಟಿಯ ಕಡೆಯಿಂದ ಶುರುಮಾಡಿದರೆ ಪ್ರತಿ ಕುಣಿಕೆಯೂ ಸಿಕ್ಕು.

ಬಿಚ್ಚಿದ ನೂಲನ್ನು ನೇರವಾಗಿ ಉಂಡೆ ಸುತ್ತಬಾರದು. ಅದು ಶಾವಿಗೆಯ ಹಾಗೆ ಗುಂಗುರಾಗಿರುತ್ತದೆ. ಹಾಗೇ ಹೆಣೆದರೆ ಕುಣಿಕೆಗಳು ಒಂದೊಂದು ಒಂದೊಂದು ಅಳತೆ. ಊಟದ ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಬಿಳಿ ಹತ್ತಿ ದಾರದಲ್ಲಿ ಎಂಟರ ಆಕಾರದಲ್ಲಿ ಕಟ್ಟಿ. ಕಟ್ಟಿನೊಳಗೆ ಬೆರಳು ಸಲೀಸಾಗಿ ಹೋಗುವಷ್ಟು ಸಡಿಲವಿರಲಿ. ನಮ್ಮ ನಾಲ್ಕು ಲಡಿಗಳಲ್ಲಿ (ತಲಾ 68 ಗ್ರಾಂ) ಒಂದರ ಕಟ್ಟು ಬಿಗಿಯಾಗಿಬಿಟ್ಟಿತ್ತು. ಬಣ್ಣದ ನೀರು ಅಲ್ಲಿಗೆ ಇಳಿಯದೆ ಸುತ್ತಿಗೆ ನಾಲ್ಕು ಬಿಳಿ ಪಟ್ಟೆ ಉಳಿದವು. ಆ ಲಡಿಯನ್ನು ಅಂಚಿಗೆ ಬಳಸಿದ್ದು ಅದಕ್ಕೇ.

ಲಡಿಗಳನ್ನು ಅಂಟುವಾಳದ ನೀರಿನಲ್ಲಿ ತೊಳೆಯಬೇಕು. ಎಂಟು ಹತ್ತು ಕಾಯಿಯ ಸಿಪ್ಪೆಯನ್ನು ರಾತ್ರಿ ಒಂದು ಲೀಟರ್ ನೀರಲ್ಲಿ ನೆನೆಹಾಕಿ, ಕಿವುಚಿ ಸೋಸಿ, ಉಗುರುಬೆಚ್ಚಗಿನ ಅರ್ಧ ಬಕೆಟ್ ನೀರಿಗೆ ಸೇರಿಸಿದರೆ ಸಾಕು. ಬಟ್ಟೆ ಸೋಪಿನ ಪುಡಿ ಬೇಡ. ಅದರ ಕ್ಷಾರಕ್ಕೆ ಉಣ್ಣೆ ಒರಟಾಗುತ್ತದೆ. ಉಜ್ಜಬಾರದು, ಹಿಂಡಬಾರದು, ನೀರೊಳಗೆ ಅದ್ದಿ ಅಂಗೈಯಿಂದ ಒತ್ತುವುದಷ್ಟೇ. ಕೊನೆಗೆ ದಾರದ ಮೇಲೆ ತೂಗುಹಾಕಿ, ಲಡಿಯ ಕೆಳತುದಿಗೆ ಅರ್ಧ ಲೀಟರ್ ನೀರಿನ ಬಾಟಲಿ ಕಟ್ಟಿದರೆ ಗುಂಗುರು ಇಳಿಯುತ್ತದೆ.

ಪಟಿಕ

ಚೆಂಡುಹೂವಿನ ಬಣ್ಣ ತಾನಾಗಿ ಉಣ್ಣೆಗೆ ನಿಲ್ಲುವುದು ಕಡಮೆ. ನಡುವೆ ಕೊಂಡಿಯಂತೆ ಪಟಿಕ ಬೇಕು. ಗ್ರಂಥಿಗೆ ಅಂಗಡಿಯಲ್ಲಿ ಹರಳಾಗಿ ಸಿಗುತ್ತದೆ. ಕುಟ್ಟಿ ನುಣ್ಣಗೆ ಮಾಡಿಕೊಳ್ಳಿ. ಒಣ ನೂಲಿನ ತೂಕದ ನೂರಕ್ಕೆ 12 ಪಾಲು ಲೆಕ್ಕ: 272 ಗ್ರಾಂಗೆ 33 ಗ್ರಾಂ. ನೂರಕ್ಕೆ 20 ದಾಟಿದರೆ ನೂಲು ಅಂಟಂಟಾಗುತ್ತದೆ, ಒಣಗಿದ ಮೇಲೆ ಬೆರಳಿಗೆ ಜಿಗುಟು ತಿಳಿಯುತ್ತದೆ.

ಪಾತ್ರೆ ಸ್ಟೀಲಿನದೇ ಆಗಬೇಕು, 12 ಲೀಟರಿನದು. ಕಬ್ಬಿಣದ ಬಾಂಡ್ಲಿಯಾದರೆ ಹಳದಿ ಪಾಚಿಬಣ್ಣಕ್ಕೆ ತಿರುಗುತ್ತದೆ. ತಾಮ್ರ, ಹಿತ್ತಾಳೆಯೂ ಬಣ್ಣ ಬದಲಿಸುತ್ತವೆ. ಬಣ್ಣಕ್ಕೆ ಬಳಸಿದ ಪಾತ್ರೆ, ಸೌಟು, ಸೋಸುವ ಬಟ್ಟೆ ಯಾವುದೂ ಮತ್ತೆ ಅಡುಗೆಗೆ ಬರಕೂಡದು. ಹಿಡಿಗೆ ಕೆಂಪು ದಾರ ಸುತ್ತಿ ಬೇರೆಡೆ ಇಡಿ. ‘ತೊಳೆದರೆ ಆಯಿತಲ್ಲ’ ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ.

ಎಂಟು ಲೀಟರ್ ನೀರು. ಬೋರ್‌ವೆಲ್ ನೀರಾದರೆ ಬಕೆಟ್ಟಿನ ಒಳಗೋಡೆ ನೋಡಿ. ಕೆಂಗಂದು ಕರೆ ಕಟ್ಟಿದ್ದರೆ ನೀರಿನಲ್ಲಿ ಕಬ್ಬಿಣವಿದೆ, ಹಳದಿ ಮಂಕಾಗುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ತಾರಸಿ ತೊಳೆದ ಮೊದಲ ನೀರನ್ನು ಬಿಟ್ಟು. ಪಟಿಕವನ್ನು ಒಂದು ಲೋಟ ಬಿಸಿನೀರಲ್ಲಿ ಪೂರ್ತಿ ಕರಗಿಸಿ ಸೇರಿಸಿ. ಅರ್ಧ ಗಂಟೆ ನೆಂದ ಲಡಿಗಳನ್ನು ಉಗುರುಬೆಚ್ಚಗಿರುವಾಗಲೇ ಇಳಿಬಿಡಿ. ಒಣ ನೂಲು ಹಾಕಿದರೆ ಅಲ್ಲಲ್ಲಿ ಮಾತ್ರ ಹೀರುತ್ತದೆ, ಬಣ್ಣ ತೇಪೆತೇಪೆ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ತೆಗೆದುಕೊಂಡು 80–85 ಡಿಗ್ರಿಗೆ ಏರಿಸಿ, ಅಲ್ಲೇ ಒಂದು ಗಂಟೆ ನಿಲ್ಲಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಗುರುತು ಇದು: ತಳದಿಂದ ಸಾಸಿವೆಯಷ್ಟು ಗುಳ್ಳೆ ಎದ್ದು ಬರುತ್ತಿರಬೇಕು, ಮೇಲ್ಮೈ ಕೊತಕೊತ ಅನ್ನಬಾರದು.

ಕುದಿಯುವ ನೀರು, ಅದರ ಮೇಲೆ ಕೈಯಾಡಿಸುವುದು, ಆಮೇಲೆ ತಣ್ಣೀರಿಗೆ ಎತ್ತಿಹಾಕುವುದು: ಈ ಮೂರೂ ಸೇರಿದರೆ ಉಣ್ಣೆ ಜಡೆಗಟ್ಟುತ್ತದೆ. ಎಳೆಗೆ ಎಳೆ ಅಂಟಿಕೊಂಡ ಮೇಲೆ ಬಿಡಿಸುವ ಉಪಾಯ ಯಾವುದೂ ಇಲ್ಲ. ಆದ್ದರಿಂದ ಒಲೆ ಆರಿಸಿ ಪಾತ್ರೆಯಲ್ಲೇ ರಾತ್ರಿಯಿಡೀ ಆರಲು ಬಿಡಿ.

ಹೂವು

ಹಾರದ ಹೂವೆಲ್ಲ ಬರುವುದಿಲ್ಲ. ಗಾಡಿಯ ಮುಂದೆ ಕಟ್ಟಿದ್ದಕ್ಕೆ ಹೊಗೆ, ಎಣ್ಣೆ ಹತ್ತಿರುತ್ತದೆ. ಕುಂಕುಮ, ಅರಿಸಿನ ಬಿದ್ದದ್ದೂ ಬೇಡ. ಅರಿಸಿನದ ಹಳದಿ ಆ ದಿನಕ್ಕೆ ಚೆನ್ನಾಗಿ ಕಂಡರೂ ಬಿಸಿಲಿಗೆ ಬೇಗ ಹಾರಿಹೋಗುತ್ತದೆ, ಶಾಲು ಎರಡು ಬಣ್ಣವಾಗುತ್ತದೆ. ಬಾಗಿಲ ತೋರಣ ಮತ್ತು ದೇವರ ಮನೆಯ ಮಾಲೆ ಒಳ್ಳೆಯವು. ದಾರ, ಮಾವಿನೆಲೆ ತೆಗೆದು, ಪ್ರತಿ ಹೂವಿನ ಹಸಿರು ತೊಟ್ಟನ್ನು ಹೆಬ್ಬೆರಳಿಂದ ಕಿತ್ತು, ಎಸಳು ಮಾತ್ರ ಉದುರಿಸಿ. ಹಸಿರು ಹೆಚ್ಚು ಸೇರಿದಷ್ಟೂ ಹಳದಿ ಮಬ್ಬು. ಕೊಳೆತು ಲೋಳೆಯಾದದ್ದನ್ನು ಬಿಸಾಡಿ, ಬರಿ ಬಾಡಿದ್ದಾದರೆ ಅಡ್ಡಿಯಿಲ್ಲ.

ನೂಲಿನ ಎರಡರಷ್ಟು ತೂಕದ ಹಸಿ ಎಸಳು ಬೇಕು, ಅಂದರೆ ಇಲ್ಲಿ 550 ಗ್ರಾಂ. ಆ ದಿನವೇ ಪುರುಸೊತ್ತಿಲ್ಲದಿದ್ದರೆ ನೆರಳಲ್ಲಿ ಪತ್ರಿಕೆಯ ಮೇಲೆ ಹರವಿ ಒಣಗಿಸಿ ಕಾಗದದ ಚೀಲದಲ್ಲಿಡಿ. ಒಣಗಿದ್ದಾದರೆ 110 ಗ್ರಾಂ ಸಾಕು. ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಮೂರೇ ದಿನಕ್ಕೆ ಬೂಷ್ಟು.

ಎಸಳನ್ನು ಎಂಟು ಲೀಟರ್ ನೀರಲ್ಲಿ ಮುಕ್ಕಾಲು ಗಂಟೆ ಸಣ್ಣಗೆ ಬೇಯಿಸಿ. ನೀರು ಕಡು ಕಿತ್ತಳೆ ಕಷಾಯದಂತಾಗುತ್ತದೆ, ಮನೆಯಲ್ಲಿ ಹಸಿ ಸೊಪ್ಪಿನಂಥ ಘಾಟು. ಎರಡು ಪದರ ಪಂಚೆ ಬಟ್ಟೆಯಲ್ಲಿ ಸೋಸಿ. ಎಸಳಿನ ಜೊತೆಗೇ ನೂಲು ಹಾಕುವವರಿದ್ದಾರೆ. ಬಣ್ಣ ಕೊಂಚ ಗಾಢವಾಗುತ್ತದೆ ನಿಜ, ಆದರೆ ಉಣ್ಣೆಯ ಒಳಗೆ ಸೇರಿಕೊಂಡ ಎಸಳಿನ ಚೂರು ಆರಿಸುವುದರಲ್ಲಿ ಒಂದು ಭಾನುವಾರ ಮುಗಿಯುತ್ತದೆ. ಸೋಸಿದ ನೀರು ಉಗುರುಬೆಚ್ಚಗಾದ ಮೇಲೆ ಪಟಿಕ ಕುಡಿದ ಒದ್ದೆ ಲಡಿಗಳನ್ನು ಬಿಟ್ಟು, ಮತ್ತೆ ಅದೇ 80–85 ಡಿಗ್ರಿ, ಅದೇ ಒಂದು ಗಂಟೆ. ಹತ್ತು ನಿಮಿಷಕ್ಕೊಮ್ಮೆ ಲಡಿಯನ್ನು ಮೇಲೆತ್ತಿ ತಿರುವಿಹಾಕಿದರೆ ಸಾಕು, ಕಲಕಬೇಡಿ. ರಾತ್ರಿ ಪಾತ್ರೆಯಲ್ಲೇ ಆರಲಿ. ಬೆಳಗ್ಗೆ ತೊಳೆದು, ನೀರು ತಿಳಿಯಾದ ಮೇಲೆ ನೆರಳಲ್ಲಿ ಒಣಗಿಸಿ. ಒಣಗಿದಾಗ ಬಣ್ಣ ಪಾತ್ರೆಯಲ್ಲಿ ಕಂಡದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿರುತ್ತದೆ. ನಮಗೆ ಬಂದದ್ದು ಹೊಸ ಬೆಲ್ಲದ ಪಾಕದ ಹಳದಿ.

ನಾಲ್ಕನೆಯ ಲಡಿ, ಆ ಬಿಳಿ ಪಟ್ಟೆಯದು, ಅನ್ನಭೇದಿಗೆ, ಅಂದರೆ ಕಬ್ಬಿಣದ ಲವಣಕ್ಕೆ, ಹೋಯಿತು. 68 ಗ್ರಾಂ ನೂಲಿಗೆ ನೂರಕ್ಕೆ ಎರಡರಂತೆ 1.4 ಗ್ರಾಂ, ಅಡುಗೆಯ ತಕ್ಕಡಿಯಲ್ಲಿ ಇಷ್ಟು ಕಡಮೆಯನ್ನು ನಿಖರವಾಗಿ ತೂಗುವುದು ಕಷ್ಟ. 14 ಗ್ರಾಂ ಅನ್ನಭೇದಿಯನ್ನು ಒಂದು ಲೀಟರ್ ನೀರಲ್ಲಿ ಕರಗಿಸಿ ಅದರಲ್ಲಿ 100 ಮಿ.ಲೀ. ಅಳೆದುಕೊಳ್ಳುವುದು ಸುಲಭ. ಲಡಿಯನ್ನು ಬಣ್ಣದ ನೀರಿಂದ ಹೊರಗೆತ್ತಿ, ದ್ರಾವಣ ಸೇರಿಸಿ ಕಲಕಿ, ಮತ್ತೆ ಇಳಿಬಿಡಿ. ನೋಡನೋಡುತ್ತ ಹಳದಿ ಮಾಗಿದ ನೆಲ್ಲಿಕಾಯಿಯ ಬಣ್ಣಕ್ಕೆ, ಆಮೇಲೆ ಪಾಚಿಗೆ ತಿರುಗುತ್ತದೆ. ಎಂಟು ನಿಮಿಷಕ್ಕೆ ತೆಗೆದದ್ದು ಸರಿಹೋಯಿತು. ಗಾಳಿಗೆ ಇನ್ನೂ ಕೊಂಚ ಕಪ್ಪಾಗುತ್ತದೆ. ಬಿಳಿ ಪಟ್ಟೆಗಳೂ ಮುಚ್ಚಿಹೋದವು, ಮುಂಚೆಯೇ ಕಟ್ಟು ಸಡಿಲಿಸಿದ್ದರಿಂದ. ಅನ್ನಭೇದಿ ಹೆಚ್ಚಾದರೆ ಉಣ್ಣೆ ಕೆಲವೇ ವರ್ಷಕ್ಕೆ ಪೆಡಸಾಗಿ ಮುರಿಯುತ್ತದೆ, ಆದ್ದರಿಂದ ಇಲ್ಲಿ ಧಾರಾಳ ಬೇಡ. ಕೈಗೆ ಗ್ಲೌಸು ಇರಲಿ, ಉಳಿದದ್ದನ್ನು ಮಕ್ಕಳ ಕೈಗೆ ಸಿಗದಂತೆ ಹೆಸರು ಬರೆದು ಮೇಲಿಡಿ.

ಹೆಣಿಗೆ, ಪುಸ್ತಕದ ಪಕ್ಕ

ಬಿಚ್ಚಿದ ನೂಲಿನ ದೊಡ್ಡ ತೊಡಕೆಂದರೆ ಅದು ಎಷ್ಟು ಮೀಟರ್ ಇದೆ ಎಂದು ಯಾವ ಚೀಟಿಯೂ ಹೇಳುವುದಿಲ್ಲ. ಹತ್ತು ಮೀಟರ್ ಅಳೆದು ತೂಗಿದರೆ 2.5 ಗ್ರಾಂ ಬಂತು, ಅಂದರೆ 100 ಗ್ರಾಂಗೆ 400 ಮೀಟರ್. ಒಂಟಿ ಎಳೆ ಶಾಲಿಗೆ ತೀರ ತೆಳು. ಎರಡೆಳೆ ಜೋಡಿಸಿದರೆ 6 ನಂಬರ್ ಕಡ್ಡಿಗೆ ಹದ. ನಮ್ಮಲ್ಲಿ ಕಡ್ಡಿಯ ನಂಬರು ಹೆಚ್ಚಾದಷ್ಟೂ ಕಡ್ಡಿ ಸಣ್ಣ: 6 ಎಂದರೆ 5 ಮಿ.ಮೀ., 8 ಎಂದರೆ 4, 10 ಎಂದರೆ 3.25. ಇಂಟರ್ನೆಟ್ಟಿನಲ್ಲಿ ಸಿಗುವ ಅಮೆರಿಕದ ಮಾದರಿಗಳ ನಂಬರು ಇದಕ್ಕೆ ತದ್ವಿರುದ್ಧ, ಅಂಗಡಿಗೆ ಹೋಗುವಾಗ ಮಿ.ಮೀ. ಹೇಳುವುದೇ ಕ್ಷೇಮ. ಕೈಯಿರುವ ಕುರ್ಚಿಯಲ್ಲಿ ಕೂರುವವರಿಗೆ 80 ಸೆಂ.ಮೀ. ವಯರಿನ ಕಡ್ಡಿ (ಎರಡು ಗಿಡ್ಡ ಕಡ್ಡಿಗಳನ್ನು ಬಾಗುವ ವಯರಿನಿಂದ ಜೋಡಿಸಿದ್ದು) ವಾಸಿ. ಉದ್ದ ಕಡ್ಡಿಯ ತುದಿ ಕುರ್ಚಿಗೆ ತಗಲುತ್ತ ಓದನ್ನು ಕೆಡಿಸುತ್ತದೆ.

ನಾಲ್ಕು ಗ್ರಾಂನಷ್ಟು ಹಳದಿ ನೂಲಿನಿಂದ ಒಂದು ಚೌಕ ಹೆಣೆದು ನೋಡಿ: ಎಲ್ಲ ಸಾಲೂ ಸೀದಾ, ಉಲ್ಟಾ ಇಲ್ಲವೇ ಇಲ್ಲ. 10 ಸೆಂ.ಮೀ.ಗೆ 18 ಕುಣಿಕೆ, 36 ಸಾಲು ಬಂತು. ಆ ಚೌಕ ವ್ಯರ್ಥವಲ್ಲ. ಅರ್ಧಕ್ಕೆ ಅಡುಗೆಯ ಅಲ್ಯೂಮಿನಿಯಂ ಹಾಳೆ ಸುತ್ತಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ ಹತ್ತು ದಿನ ಬಿಟ್ಟರೆ, ಬಣ್ಣ ಎಷ್ಟು ತಡೆಯುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಚೆಂಡುಹೂವಿನದು ಮಧ್ಯಮ, ಶಾಲನ್ನು ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ವರ್ಷವಿಡೀ ಹಾಸಿಡುವುದು ಬೇಡ ಎಂದು ಆ ಚೌಕವೇ ಹೇಳಿತು.

ಉಳಿದ ಹಳದಿ ಸರಿಯಾಗಿ 200 ಗ್ರಾಂ. ಮಾದರಿ ಇಷ್ಟೇ. ಮೂರು ಕುಣಿಕೆ ಹಾಕಿ. ಒಂದು ಅಂಚಿಗೆ ಸೇಫ್ಟಿ ಪಿನ್ನು ಸಿಕ್ಕಿಸಿ. ಪಿನ್ನಿನ ಅಂಚಿನಿಂದ ಹೊರಡುವಾಗ, ನಾಲ್ಕು ಸಾಲಿಗೊಮ್ಮೆ, ಮೊದಲ ಕುಣಿಕೆಯನ್ನು ಮುಂದಿನಿಂದೊಮ್ಮೆ ಹಿಂದಿನಿಂದೊಮ್ಮೆ ಹೆಣೆದು ಎರಡು ಮಾಡಿ. ನೂಲು ಅರ್ಧ ಮುಗಿಯುವ ತನಕ ಹೀಗೆ ಹಿಗ್ಗಿಸಿ. ಆಮೇಲೆ ಅದೇ ಅಂಚಿನಲ್ಲಿ, ಅದೇ ನಾಲ್ಕು ಸಾಲಿಗೊಮ್ಮೆ, ಎರಡು ಕುಣಿಕೆ ಸೇರಿಸಿ ಒಂದು ಮಾಡುತ್ತ ಮೂರಕ್ಕೆ ಇಳಿದು ಮುಚ್ಚಿ. ಉದ್ದದ ಒಂದು ಬದಿ ನೇರ, ಇನ್ನೊಂದು ಬದಿಯಲ್ಲಿ ಗುಡ್ಡದಂತೆ ಏರಿ ಇಳಿಯುವ ತ್ರಿಕೋನ.

‘ಅರ್ಧ’ ತಿಳಿಯುವುದು ತಕ್ಕಡಿಯಿಂದ. 70 ಕುಣಿಕೆ ದಾಟಿದ ಮೇಲೆ ಪ್ರತಿ ಹಿಗ್ಗಿಸುವ ಸಾಲಿಗೂ ಉಂಡೆಯನ್ನು ತೂಗಿ. 76 ಕುಣಿಕೆ ಆದಾಗ ಉಂಡೆ 102 ಗ್ರಾಂ ತೋರಿತು; ಅಲ್ಲಿಂದ ತಗ್ಗಿಸಲು ಶುರು. ಸರಿಯಾಗಿ 100ಕ್ಕೆ ನಿಲ್ಲಿಸುತ್ತೇನೆ ಎಂಬ ಆಸೆ ಬೇಡ, ಕೊನೆಯ ಮೂರು ಕುಣಿಕೆಗೆ ನೂಲಿಲ್ಲದೆ ಕೂರಬೇಕಾಗುತ್ತದೆ. ಒಟ್ಟು 584 ಸಾಲು, ಸುಮಾರು 23,000 ಕುಣಿಕೆ, ಕೊನೆಗೆ ಉಳಿದದ್ದು 4 ಗ್ರಾಂ. ಅಗಲ 42 ಸೆಂ.ಮೀ., ಉದ್ದ 162. ನಿಮಿಷಕ್ಕೆ 20 ಕುಣಿಕೆ ಹೆಣೆದರೂ 19 ಗಂಟೆಯ ಕೆಲಸ. ದಪ್ಪ ಕಾದಂಬರಿಯೊಂದಕ್ಕೆ ಸರಿಹೊಂದುವ ಅವಧಿ.

ನುಸಿ ಕಡಿದ ನೂಲಾದ್ದರಿಂದ ತುಂಡುಗಳು ಜಾಸ್ತಿ. ಗಂಟು ಹಾಕಬೇಡಿ, ಬೆನ್ನಿಗೆ ಒತ್ತುತ್ತದೆ. ಎರಡೂ ತುದಿಯ ಹುರಿ ಬಿಡಿಸಿ ಐದು ಸೆಂ.ಮೀ.ನಷ್ಟು ಹಿಂಜಿ, ಒಂದರ ಮೇಲೊಂದು ಇಟ್ಟು, ನೀರು ತಾಗಿಸಿ, ಎರಡು ಅಂಗೈ ನಡುವೆ ಬಿಸಿಯಾಗುವ ತನಕ ಹೊಸೆಯಿರಿ. ಹತ್ತಿಪ್ಪತ್ತು ಉಜ್ಜಿಗೆ ಒದ್ದೆ ಬತ್ತಿಯಂಥದು ಒಂದೇ ಎಳೆಯಾಗುತ್ತದೆ, ಎಳೆದರೂ ಬಿಡುವುದಿಲ್ಲ. ಪಾತ್ರೆಯಲ್ಲಿ ನಾವು ಹೆದರಿದ ಅದೇ ಜಡೆಗಟ್ಟುವ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ. ‘ಮಷೀನ್ ವಾಶ್’ ಎಂದು ಬರೆದ ಉಣ್ಣೆಗೆ ಮಾತ್ರ ಇದು ನಡೆಯದು, ಆ ಗುಣವನ್ನೇ ಅದರಿಂದ ತೆಗೆದಿರುತ್ತಾರೆ. ಎರಡೆಳೆಯ ಜೋಡಣೆಗಳೂ ಒಂದೇ ಜಾಗಕ್ಕೆ ಬರದಂತೆ ಗೇಣು ಅಂತರ ಬಿಡಿ.

ಇನ್ನು ಓದುವುದು. ಪುಸ್ತಕಕ್ಕೆ ವ್ಯಾಸಪೀಠವನ್ನು ಮೀರಿಸಿದ ಸಲಕರಣೆ ಇನ್ನೂ ಬಂದಿಲ್ಲ. ಮಡಿಲಿನಿಂದ ಒಂದೂವರೆ ಅಡಿ ದೂರದ ಸ್ಟೂಲಿನ ಮೇಲೆ ಇಟ್ಟರೆ ಕತ್ತು ಬಗ್ಗುವುದಿಲ್ಲ. ದಾರದಲ್ಲಿ ಹೊಲಿದ ಗಟ್ಟಿ ರಟ್ಟಿನ ಪುಸ್ತಕ ತಾನಾಗಿ ತೆರೆದುಕೊಂಡಿರುತ್ತದೆ. ಬೆನ್ನಿಗೆ ಅಂಟು ಹಾಕಿದ ಪೇಪರ್‌ಬ್ಯಾಕ್ ಮುಚ್ಚಿಕೊಳ್ಳುತ್ತಲೇ ಇರುತ್ತದೆ, ಎರಡು ಪುಟಗಳ ಮೇಲೆ ಅಡ್ಡಲಾಗಿ ಸ್ಕೇಲು ಇಟ್ಟು ರಬ್ಬರ್ ಬ್ಯಾಂಡ್ ಹಾಕಬೇಕು. 40 ಕುಣಿಕೆಯ ಅಗಲ ಬಂದ ಮೇಲೆ ಒಂದು ಸಾಲಿಗೆ ಹೆಚ್ಚುಕಡಿಮೆ ಒಂದು ಪುಟ ಸಾಗುತ್ತದೆ, ಸಾಲಿನ ಕೊನೆಯಲ್ಲಿ ಕೈ ಬಿಡುವಾದಾಗಲೇ ಪುಟ ತಿರುವಬಹುದು. ಹಳಗನ್ನಡ ಕಾವ್ಯಕ್ಕೆ ಇದು ಆಗದು. ಅದಕ್ಕೆ ಬೆರಳು ಸಾಲಿನ ಮೇಲೇ ಬೇಕು, ಅರ್ಥಕೋಶ ಇನ್ನೊಂದು ಕೈಗೆ ಬೇಕು. ಕತೆ, ಕಾದಂಬರಿ, ಪ್ರವಾಸಕಥನ ನಡೆಯುತ್ತವೆ.

ಸಾಲು ಎಣಿಸಲು ಒಂದೇ ಹುಣಸೆಬೀಜ ಸಾಕು. ಪಿನ್ನಿನ ಅಂಚಿಗೆ ಬಂದಾಗಲೆಲ್ಲ ಅದನ್ನು ವ್ಯಾಸಪೀಠದ ಎಡಕ್ಕೋ ಬಲಕ್ಕೋ ಸರಿಸಿ; ಬಲಕ್ಕೆ ಹೋದಾಗ ಹಿಗ್ಗಿಸುವುದು, ಎಡಕ್ಕೆ ಹೋದಾಗ ಸುಮ್ಮನೆ ಹೆಣೆಯುವುದು. ರಸವತ್ತಾದ ಅಧ್ಯಾಯದಲ್ಲಿ ಒಂದೆರಡು ಸಲ ತಪ್ಪುವುದು ಖಂಡಿತ. ಬಿಚ್ಚಬೇಕಿಲ್ಲ. ಮುಂದಿನ ಸಲ ಎರಡೇ ಸಾಲಿಗೆ ಒಂದು ಹಿಗ್ಗಿಸಿದರೆ ಅಂಚಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಪಕ್ಕದ ಒಲೆಯಲ್ಲಿ ಹುರುಳಿ ಕಟ್ಟು

ಬಣ್ಣದ ಪಾತ್ರೆಗೂ ಹೆಣಿಗೆಗೂ ಜೊತೆಯಾಗುವ ಅಡುಗೆ ಎಂದರೆ ತಾನಾಗಿ ಬೇಯುವಂಥದು. ಕಾಲು ಕೆ.ಜಿ. ಹುರುಳಿಯನ್ನು ಕಲ್ಲು ಆರಿಸಿ, ತೊಳೆದು, ಎಂಟು ಗಂಟೆ ನೆನೆಹಾಕಿ. ಐದು ಲೀಟರಿನ ಪಾತ್ರೆಯಲ್ಲಿ ಎರಡೂವರೆ ಲೀಟರ್ ನೀರಿಟ್ಟು ಸಣ್ಣ ಉರಿಯಲ್ಲಿ ಒಂದೂವರೆಯಿಂದ ಎರಡು ಗಂಟೆ. ಚಿಕ್ಕ ಪಾತ್ರೆಯಾದರೆ ನೊರೆ ಉಕ್ಕಿ ಒಲೆ ಆರುತ್ತದೆ, ಕಾದಂಬರಿಯಲ್ಲಿ ಮುಳುಗಿದವರಿಗೆ ಗ್ಯಾಸಿನ ವಾಸನೆ ತಡವಾಗಿ ತಿಳಿಯುತ್ತದೆ. ಉಪ್ಪು, ಹುಣಸೆ ಈಗಲೇ ಬೇಡ. ಹುಳಿ ತಾಗಿದ ಕಾಳು ಗಟ್ಟಿಯಾಗಿ ಕೂತುಬಿಡುತ್ತದೆ. ಕುಕ್ಕರಿನಲ್ಲಿ ಆರು ಕೂಗಿಗೆ ಮುಗಿಯುತ್ತದೆ, ಆದರೆ ತೆರೆದ ಪಾತ್ರೆಯಲ್ಲಿ ಬತ್ತಿದ ಕಟ್ಟಿನ ಆ ಕಂದು ರುಚಿ ಅದಕ್ಕೆ ಬರುವುದಿಲ್ಲ ಎಂಬುದು ನಮ್ಮ ಪಕ್ಷಪಾತ.

ಕಟ್ಟು ಬಸಿದುಕೊಂಡರೆ ಒಂದೂಕಾಲು ಲೀಟರ್ ಸಿಗುತ್ತದೆ. ಬೆಂದ ಕಾಳು ಒಂದು ಹಿಡಿ, ಸುಟ್ಟ ಈರುಳ್ಳಿ ಒಂದು, ತೆಂಗಿನತುರಿ ನಾಲ್ಕು ಚಮಚ, ಹುರಿದ ಕೊತ್ತಂಬರಿ ಬೀಜ ಒಂದು ದೊಡ್ಡ ಚಮಚ, ಜೀರಿಗೆ ಅರ್ಧ ಚಮಚ, ಮೆಣಸು ಹತ್ತು ಕಾಳು, ಬ್ಯಾಡಗಿ ಮೆಣಸಿನಕಾಯಿ ಐದು, ಬೆಳ್ಳುಳ್ಳಿ ಆರು ಎಸಳು, ನೆಲ್ಲಿಕಾಯಿ ಗಾತ್ರದ ಹುಣಸೆ: ನುಣ್ಣಗೆ ರುಬ್ಬಿ ಕಟ್ಟಿಗೆ ಸೇರಿಸಿ, ಉಪ್ಪು, ಚೂರು ಬೆಲ್ಲ ಹಾಕಿ ಹತ್ತು ನಿಮಿಷ ಕುದಿಸಿ. ಸಾಸಿವೆ, ಇಂಗು, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಉಳಿದ ಕಾಳಿಗೆ ಕಾಯಿ ಹಾಕಿ ಉಸಲಿ. ಮುದ್ದೆಯಿದ್ದರೆ ಬೇರೇನೂ ಕೇಳುವುದಿಲ್ಲ.

ಒಗ್ಗರಣೆಗೆ ಮುಂಚೆ ನೂಲಿನ ಚೀಲದ ಬಾಯಿ ಕಟ್ಟಿ, ಬೇರೆ ಕೋಣೆಗೆ ಸಾಗಿಸಿ. ಉಣ್ಣೆ ಹೊಗೆ ಹೀರುತ್ತದೆ, ಇಂಗಿನ ವಾಸನೆ ವಾರಗಟ್ಟಲೆ ಇರುತ್ತದೆ. ಊಟದ ನಂತರ ಕಡಲೆಹಿಟ್ಟಿನಿಂದ ಕೈ ತಿಕ್ಕಿ ತೊಳೆದ ಮೇಲೆಯೇ ಕಡ್ಡಿ ಮುಟ್ಟಿ.

ಅಂಚು ಮತ್ತು ಒಣಗಿಸುವುದು

ಪಾಚಿಬಣ್ಣದ ನೂಲನ್ನು ಎರಡೆಳೆ ಮಾಡಿ 4 ಮಿ.ಮೀ. ಕ್ರೋಶಾ ಕಡ್ಡಿಯಲ್ಲಿ ಸುತ್ತಲೂ ಮೂರು ಸುತ್ತು ಸಿಂಗಲ್ ಕ್ರೋಶಾ. ಎರಡು ಸಾಲು ಸೇರಿ ಒಂದು ದಿಣ್ಣೆ ಕಾಣುತ್ತದಲ್ಲ, ಪ್ರತಿ ದಿಣ್ಣೆಗೆ ಒಂದು, ಬದಿಗೆ 292. ಮೂಲೆಗಳಲ್ಲಿ ಒಂದೇ ಜಾಗಕ್ಕೆ ಮೂರು. ಅಂಚು ಸೀರೆಯ ನೆರಿಗೆಯಂತೆ ಅಲೆದರೆ ಹೆಚ್ಚು ಹಾಕಿದ್ದೀರಿ, ಒಳಕ್ಕೆ ಸುರುಳಿಗಟ್ಟಿದರೆ ಕಡಮೆ. ಎರಡಕ್ಕೂ ಔಷಧ ಬಿಚ್ಚುವುದೇ. ಮೂರು ಸುತ್ತಿಗೆ 31 ಗ್ರಾಂ ಹೋಯಿತು, ಮೂರು ಮೂಲೆಯ ಕುಚ್ಚಿಗೆ 18.

ಮುಗಿದ ಶಾಲನ್ನು ಉಗುರುಬೆಚ್ಚಗಿನ ನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಟವೆಲಿನಲ್ಲಿ ಸುರುಳಿ ಸುತ್ತಿ ಮೇಲೆ ನಿಂತು ನೀರು ಹೀರಿಸಿ, ಚಾಪೆಯ ಮೇಲೆ ಹರವಿ ಆಕಾರಕ್ಕೆ ಎಳೆದು ಪಿನ್ನು ಚುಚ್ಚಿ. ಪಿನ್ನು ತುಕ್ಕು ಹಿಡಿಯದ ಸ್ಟೀಲಿನದಾಗಿರಲಿ. ಸಾಧಾರಣ ಗುಂಡುಪಿನ್ನಿನ ತುಕ್ಕು ಒದ್ದೆ ಚೆಂಡುಹೂವಿನ ಹಳದಿಗೆ ತಾಗಿದರೆ ಅನ್ನಭೇದಿ ಮಾಡಿದ ಕೆಲಸವನ್ನೇ ಅದೂ ಮಾಡುತ್ತದೆ: ಚುಚ್ಚಿದಲ್ಲೆಲ್ಲ ಸಾಸಿವೆಯಷ್ಟು ಪಾಚಿ ಚುಕ್ಕೆ. ಎಡಮೂಲೆಯಲ್ಲಿ ಅಂಥ ಎರಡು ಚುಕ್ಕೆ ಬಿದ್ದವು. ಕುಚ್ಚನ್ನು ಒಂದು ಬೆರಳಗಲ ಮೇಲಕ್ಕೆ ಕಟ್ಟಿ ಮುಚ್ಚಿದ್ದಾಯಿತು. ಚಿತ್ತೆ ಮಳೆಯ ತೇವಕ್ಕೆ ಫ್ಯಾನಿನ ಕೆಳಗೂ ಒಣಗಲು ಪೂರಾ ಎರಡು ದಿನ ಹಿಡಿಯಿತು.